ಹಾಲಸ್ವಾಮಿ ಡಾಕ್ಟರ ಭಾನುವಾರಗಳು

ಉಮಾಮಹೇಶ್ವರಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಿಂದ ಶಿವಮೊಗ್ಗದ ಮನೆಗೆ ಮರಳಿದ್ದು 1964ರ ಬೇಸಿಗೆಯಲ್ಲಿ. ಗಂಡ ಶಿವಯೋಗಪ್ಪ ಸ್ಟೇಷನ್ನಿನಿಂದ ಜಟಕಾದಲ್ಲಿ ಕರೆತಂದವನು, ಗಾಡಿಯನ್ನು ಮುಂಬಾಗಿಲಿನಲ್ಲಿ ನಿಲ್ಲಿಸಲಿಲ್ಲ. ಹಿತ್ತಿಲ ಸಂದಿಗೆ ತಿರುಗಿಸಲು ಹೇಳಿದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸೌದೆ ಒಟ್ಟಿದ್ದ ದಾರಿಯಲ್ಲಿ ನಡೆದು ತನ್ನ ಮನೆಯೊಳಗೆ ಬಂದಳು.

ಶಿವಯೋಗಪ್ಪನಿಗೆ ಗಾಂಧಿಬಜಾರಿನಲ್ಲಿ ಪಾತ್ರೆ ಅಂಗಡಿ ಇತ್ತು. ಬಜಾರಿನವರಿಗೆಲ್ಲ ಅವನು, ಹೆಂಡತಿಗೆ ಕಾಮಾಲೆಯಾಗಿದೆ, ಹರಿಹರದ ತವರಿನಲ್ಲಿ ಔಷಧ ಮಾಡಿಸುತ್ತಿದ್ದಾರೆ ಎಂದು ಹೇಳಿದ್ದ. ಆ ಸುಳ್ಳಿಗೆ ಕಾರಣವಿತ್ತು. ತಂಗಿ ಜಗದಾಂಬಾಳಿಗೆ ಗಂಡು ಹುಡುಕುತ್ತಿದ್ದರು. ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ ಎಂಬ ಮಾತು ಹರಡಿದರೆ ಯಾರು ಬಂದಾರು? ಹೀಗೆ ಶುರುವಾದ ಸುಳ್ಳನ್ನು ಉಳಿಸಿಕೊಳ್ಳಲು, ವಾಪಸ್ಸು ಬಂದವಳನ್ನೂ ಮುಚ್ಚಿಡಬೇಕಾಯಿತು. ನೆಂಟರು ಬಂದರೆ ಉಮಾ ಅಟ್ಟದ ಕೋಣೆಗೆ ಹೋಗಬೇಕು. ಬೀದಿಯ ಕಡೆಯ ಕಿಟಕಿಗೆ ನಿಲ್ಲಬಾರದು.

ಅದನ್ನೆಲ್ಲ ಅವಳು ಸಹಿಸಿಕೊಂಡಾಳು. ಸಹಿಸಲಾಗದ್ದು ಬೇರೆ. ಮಗಳು ತುಂಗಮ್ಮನಿಗೆ ಎರಡು ವರ್ಷ ತುಂಬಿತ್ತು. ಮನೆಯವರೆಲ್ಲ ತುಂಗಿ ಎನ್ನುತ್ತಿದ್ದರು. ಆ ಮಗುವನ್ನು ಉಮಾಳ ಕೈಗೆ ಕೊಡುತ್ತಿರಲಿಲ್ಲ. ಅತ್ತೆ ಕಲ್ಲಮ್ಮ ಬೈಯುತ್ತಲೂ ಇರಲಿಲ್ಲ, ಬೇಡ ಎಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಉಮಾ ಹತ್ತಿರ ಬಂದಳೆಂದರೆ ಸಾಕು, ಏನೋ ನೆನಪಾದವರಂತೆ ಎದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡು ಇನ್ನೊಂದು ಕೋಣೆಗೆ ಹೋಗುತ್ತಿದ್ದರು. ಊಟ ಮಾಡಿಸುವುದು, ಮಲಗಿಸುವುದು ಎಲ್ಲ ಕಲ್ಲಮ್ಮನೇ. ತುಂಗಿಗೂ ಅಮ್ಮನ ಗುರುತಿರಲಿಲ್ಲ. ಯಾರೋ ಹೊಸಬಳನ್ನು ನೋಡುವಂತೆ ಅಜ್ಜಿಯ ಭುಜದ ಮೇಲಿಂದ ಇಣುಕಿ ನೋಡುತ್ತಿತ್ತು.

ಕಲ್ಲಮ್ಮನ ಹೆದರಿಕೆಗೆ ಬುಡವಿಲ್ಲದೆ ಇರಲಿಲ್ಲ. ಹೆರಿಗೆಯಾಗಿ ಕೆಲವು ತಿಂಗಳಿಗೆ ಉಮಾಳಿಗೆ ನಿದ್ದೆ ಬಾರದಾಯಿತು. ಯಾರೋ ಮಾತಾಡುತ್ತಾರೆ ಎನ್ನತೊಡಗಿದಳು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಒಂದು ಬೆಳಿಗ್ಗೆ ಅವಳೂ ಮಗುವೂ ಮನೆಯಲ್ಲಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಹೊಳೆಯ ದಡದಲ್ಲಿ. ಮಗುವನ್ನು ಎದೆಗೆ ಅವಚಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಳು. ಬಟ್ಟೆ ಒಗೆಯುತ್ತಿದ್ದವರು ಕೂಗಿ, ಕೈಹಿಡಿದು ಮೇಲಕ್ಕೆ ಕರೆತಂದಿದ್ದರು. ಮರುದಿನವೇ ಶಿವಯೋಗಪ್ಪ ಅವಳನ್ನು ಬೆಂಗಳೂರಿಗೆ ಕರೆದೊಯ್ದ. ಆ ಬೆಳಗಿನ ವಿಷಯವನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ಬೆಂಗಳೂರಿನ ಡಾಕ್ಟರು ಬಿಟ್ಟು ಕಳಿಸುವಾಗ, ಮಾತ್ರೆ ನಿಲ್ಲಿಸಬಾರದು, ಅದಕ್ಕಾಗಿ ಇಷ್ಟು ದೂರ ಬರಬೇಕಾಗಿಲ್ಲ, ನಮ್ಮಲ್ಲೇ ಕೆಲಸ ಕಲಿತ ಹಾಲಸ್ವಾಮಿ ಎಂಬ ಡಾಕ್ಟರು ಭದ್ರಾವತಿಯಲ್ಲಿ ಶಾಪು ಇಟ್ಟಿದ್ದಾರೆ ಎಂದಿದ್ದರು. ಶಿವಯೋಗಪ್ಪನಿಗೆ ಅದು ಅನುಕೂಲವೇ ಆಯಿತು. ಶಿವಮೊಗ್ಗದಲ್ಲಾದರೆ ಡಾಕ್ಟರ ಬಾಗಿಲಲ್ಲಿ ಯಾರಾದರೂ ಗುರುತಿಸಿಬಿಡುತ್ತಾರೆ. ಭದ್ರಾವತಿಯಲ್ಲಿ ಅವನನ್ನು ಬಲ್ಲವರು ಕಡಿಮೆ.

ಹಾಲಸ್ವಾಮಿ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಉಮಾಳನ್ನು ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು. ಆಮೇಲೆ ಶಿವಯೋಗಪ್ಪನ ಕಡೆ ತಿರುಗಿದರು.

"ಮನೇಲಿ ಯಾರ್‍ಯಾರಿದೀರಿ?"

"ನಮ್ಮವ್ವ ಇದಾರೆ, ತಂಗಿ ಇದಾಳೆ, ಮಗು."

"ಭಾನುವಾರ ಮಧ್ಯಾಹ್ನ ನಮ್ಮ ಶಾಪು ರಜ. ಹಿಂದಗಡೆ ಪಡಸಾಲೆ ಇದೆ. ಅಲ್ಲಿ ಇಂಥದೇ ಕಾಯಿಲೆ ಅನುಭವಿಸಿದೋರು, ಅವರ ಮನೆಯೋರು ಎಲ್ಲ ಕೂತ್ಕೊಂಡು ಮಾತಾಡ್ತೀವಿ. ನಿಮ್ಮ ತಾಯೀನ ಕರ್ಕೊಂಡು ಬನ್ನಿ."

"ಅವ್ವನಿಗೇನೂ ಕಾಯಿಲೆ ಇಲ್ಲ ಡಾಕ್ಟ್ರೇ."

"ಗೊತ್ತು. ಕರ್ಕೊಂಡು ಬನ್ನಿ."

ಕಲ್ಲಮ್ಮ ಸುಲಭಕ್ಕೆ ಒಪ್ಪಲಿಲ್ಲ. "ನಾನ್ಯಾಕೆ ಬರ್ಲಿ ಮಾರಾಯ? ಕಾಯಿಲೆ ಅವಳಿಗೆ, ಮದ್ದು ನನಗಾ?" ಎಂದರು. ಆದರೂ ಡಾಕ್ಟರ ಮಾತು ಮೀರಿದರೆ ಮಾತ್ರೆ ಕೊಡುವುದಿಲ್ಲವೇನೋ ಎಂಬ ಅಳುಕಿತ್ತು. ತುಂಗಿಯನ್ನು ಜಗದಾಂಬಾಳ ಹತ್ತಿರ ಬಿಟ್ಟು ಮೂವರೂ ಮಧ್ಯಾಹ್ನದ ರೈಲು ಹತ್ತಿದರು. ಕಲ್ಲಮ್ಮ ಎದುರು ಸೀಟಿನಲ್ಲಿ ಕೂತು, ಭದ್ರಾವತಿ ಬರುವವರೆಗೂ ಕಿಟಕಿಯಾಚೆಯೇ ನೋಡಿದರು.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಹತ್ತು ಹನ್ನೆರಡು ಜನ ಇದ್ದರು. ಯಾರು ಕಾಯಿಲೆಯವರು, ಯಾರು ಮನೆಯವರು ಎಂದು ನೋಡಿದರೆ ತಿಳಿಯುವಂತಿರಲಿಲ್ಲ. ಉಮಾ ಅದನ್ನೇ ಬೆರಗಿನಿಂದ ನೋಡಿದಳು. ಕಲ್ಲಮ್ಮ ಗೋಡೆ ಪಕ್ಕ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ ಪಕ್ಕಕ್ಕಿಟ್ಟರು.

ಹೊಸಬರು ಬಂದಿದ್ದರಿಂದ ಡಾಕ್ಟರು ಅಲ್ಲಿನ ಕಟ್ಟಳೆಗಳನ್ನು ಹೇಳಿದರು. "ಇಲ್ಲಿ ಆಡಿದ ಮಾತು ಆಚೆ ಹೋಗಬಾರದು. ಒಬ್ಬರು ಮಾತಾಡೋವಾಗ ಇನ್ನೊಬ್ಬರು ಬುದ್ಧಿ ಹೇಳಬಾರದು. ಇನ್ನೊಂದು ವಿಷಯ, ಹುಚ್ಚು, ಹುಚ್ಚ, ಹುಚ್ಚಿ, ಈ ಮಾತು ಇಲ್ಲಿ ಯಾರ ಬಾಯಲ್ಲೂ ಬರಬಾರದು."

ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ತಲೆಯೆತ್ತಿದಳು. "ಹಂಗಾರೆ ನನ್ನ ಏನಂತ ಕರೀತೀರಿ ಡಾಕ್ಟ್ರೇ?"

ಡಾಕ್ಟರು ತಬ್ಬಿಬ್ಬಾದರು. ಆ ಹೆಂಗಸು ಹೊಸಬರ ಕಡೆ ತಿರುಗಿ, "ನನ್ನ ಹೆಸರು ಹುಚ್ಚಮ್ಮ ಕಣ್ರವ್ವ. ನಮ್ಮೂರಮ್ಮನ ಹೆಸರು, ಹುಟ್ಟಿದಾಗ ಇಟ್ಟಿದ್ದು. ಕಾಯಿಲೆ ಬಂದಿದ್ದು ನನ್ನ ಮಗನಿಗೆ. ಆದ್ರೆ ಬೆಂಗಳೂರಾಸ್ಪತ್ರೇಲಿ ಹೆಸರು ಕೇಳಿದ್ರು ನೋಡಿ, ನಾನು ಹುಚ್ಚಮ್ಮ ಅಂದೆ. ಆ ನರ್ಸಮ್ಮ ನನ್ನನ್ನೇ ಒಳಗೆ ಕರ್ಕೊಂಡು ಹೋಗಾಕೆ ಕೈ ಹಿಡ್ಕಂಡ್ಲು!" ಎಂದಳು.

ಪಡಸಾಲೆಯೆಲ್ಲ ನಕ್ಕಿತು. ಅವಳ ಮಗ ಭೈರಪ್ಪ ನಾಚಿಕೊಂಡು ತಲೆ ತಗ್ಗಿಸಿ ನಕ್ಕ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಉಮಾಳಿಗೂ ನಗು ಬಂತು. ನಕ್ಕರೆ ಅತ್ತೆ ಏನೆಂದುಕೊಳ್ಳುತ್ತಾರೋ ಎಂದು ಅಂಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಮನೆಗೆ ಬಂದಾಗಿನಿಂದ ಅವಳು ನಗುವುದನ್ನೇ ಬಿಟ್ಟಿದ್ದಳು. ಸುಮ್ಮನೆ ನಕ್ಕರೂ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೆಲ್ಲಗೆ ಓರೆನೋಟದಲ್ಲಿ ನೋಡಿದರೆ, ಕಲ್ಲಮ್ಮನ ಹೊಟ್ಟೆ ಅಲುಗುತ್ತಿತ್ತು. ಅವರೂ ನಗುತ್ತಿದ್ದರು.

ಅವತ್ತು ಭೈರಪ್ಪ ಮಾತಾಡಿದ. ಕಾರ್ಖಾನೆಯಲ್ಲಿ ಕೆಲಸ ಅವನಿಗೆ. ಮೂರು ವರ್ಷದ ಹಿಂದೆ ಮಿಷಿನ್ನಿನ ಸದ್ದಿನೊಳಗೆ ತನ್ನ ಹೆಸರು ಕೇಳಿಸತೊಡಗಿತು. ಯಾರೋ ತನ್ನನ್ನು ಕೊಲ್ಲಲು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಈಗ ವಾಸಿಯಾಗಿ ಕೆಲಸಕ್ಕೆ ಹೋಗುತ್ತಿದ್ದಾನೆ.

"ಕಾಯಿಲೆಗಿಂತ ಕ್ಯಾಂಟೀನು ಕಷ್ಟ ಆಯ್ತು. ನಾನು ಹೋಗಿ ಕೂತ್ರೆ ಬೆಂಚು ಖಾಲಿ ಆಗ್ತಿತ್ತು. ಹೋದ ವಾರ ನಮ್ಮ ಸೆಕ್ಷನ್ನಿನ ತಮಿಳು ಮೇಸ್ತ್ರಿ ಬಂದು ಪಕ್ಕದಲ್ಲೇ ಕೂತು, ನನ್ನ ತಟ್ಟೆಯಿಂದ ಬೋಂಡ ತಗೊಂಡು ತಿಂದ. ಕೇಳ್ಲೂ ಇಲ್ಲ. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಇನ್ನೊಂದು ಬೋಂಡನೂ ಅವನಿಗೇ ಕೊಟ್ಟೆ."

ಹೊರಡುವಾಗ ಹುಚ್ಚಮ್ಮ ಬಂದು ಕಲ್ಲಮ್ಮನ ಮುಂದೆ ಎಲೆಅಡಿಕೆ ಚೀಲ ಬಿಚ್ಚಿದಳು. ಕಲ್ಲಮ್ಮ ಒಂದು ಕ್ಷಣ ತಡೆದು, ಆಮೇಲೆ ಒಂದು ಎಲೆ ತೆಗೆದುಕೊಂಡರು.

ಮುಂದಿನ ಭಾನುವಾರ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಹುಚ್ಚಮ್ಮನಿಗೆಂದು ಕಲ್ಲಮ್ಮ ಕರ್ಜಿಕಾಯಿ ಕಟ್ಟಿಕೊಂಡರು. ಇಬ್ಬರೂ ಪಕ್ಕಪಕ್ಕ ಕೂತು, ಸೊಂಟನೋವಿನಿಂದ ಹಿಡಿದು ಸೊಸೆಯಂದಿರವರೆಗೆ ಮಾತಾಡುತ್ತಿದ್ದರು. ಶಿವಯೋಗಪ್ಪನೂ ಒಂದು ದಿನ ಬಾಯಿಬಿಟ್ಟ. ಕಾಮಾಲೆಯ ಸುಳ್ಳು ಹೇಳಿ ಹೇಳಿ ಸುಸ್ತಾಗಿದೆ ಎಂದ. ಯಾರಿಗೆ ಏನು ಪಥ್ಯ ಹೇಳಿದ್ದೆ ಎಂಬುದೇ ಮರೆತುಹೋಗುತ್ತದೆ, ಬಜಾರಿನವರು ಕೊಟ್ಟ ಕಾಮಾಲೆ ಬೇರುಗಳೇ ಅಂಗಡಿಯಲ್ಲಿ ಒಂದು ಕೊಳಗದ ತುಂಬ ಇವೆ ಎಂದಾಗ ಎಲ್ಲರೂ ನಕ್ಕರು. ಉಮಾ ಮಾತ್ರ ಮಾತಾಡಲಿಲ್ಲ. ಡಾಕ್ಟರೂ ಅವಳನ್ನು ಒತ್ತಾಯಿಸಲಿಲ್ಲ.

ಹೀಗೆ ಕೆಲವು ವಾರಗಳಾದ ಮೇಲೆ, ಮಳೆ ಹಿಡಿದ ಒಂದು ಮಧ್ಯಾಹ್ನ, ಹುಚ್ಚಮ್ಮ ತನ್ನ ಮಗನ ಕೈಯಲ್ಲಿ ಅವನ ಅಕ್ಕನ ಮಕ್ಕಳನ್ನು ಬಿಟ್ಟು ಸಂತೆಗೆ ಹೋಗಿ ಬಂದ ಕತೆ ಹೇಳುತ್ತಿದ್ದಳು. ಮಕ್ಕಳು ಅವನ ಹೆಗಲೇರಿ ಕೂತಿದ್ದವಂತೆ. ಕೇಳುತ್ತಿದ್ದ ಕಲ್ಲಮ್ಮ ಇದ್ದಕ್ಕಿದ್ದಂತೆ ದನಿ ಏರಿಸಿದರು.

"ನಿಮಗೇನಮ್ಮ, ನೀವು ಬಿಟ್ಟು ಹೋಗಬಹುದು. ನಮ್ಮನೇಲಿ ಹಾಗಲ್ಲ. ಇವಳು ಮಗೂನ ಹೊಳೆಗೆ ಹಾಕೋಕೆ ಹೋಗಿದ್ಲು. ನಾನು ಹೇಗೆ ಬಿಡ್ಲಿ?"

ಶಿವಯೋಗಪ್ಪ, "ಅವ್ವ..." ಎಂದು ಎದ್ದು ನಿಂತ. ಡಾಕ್ಟರು ಕೂರುವಂತೆ ಕೈಸನ್ನೆ ಮಾಡಿದರು. ಉಮಾ ಚಾಪೆಯ ಅಂಚನ್ನು ಹಿಡಿದು ಕೂತಿದ್ದಳು.

ಹುಚ್ಚಮ್ಮ ಕೂತಲ್ಲಿಂದಲೇ ಅವಳ ಕಡೆ ಸರಿದಳು. "ಹೌದೇನವ್ವ? ಮಗೀನ ಎತ್ಕಂಡು ಅವತ್ತು ಹೊಳೆಗೆ ಯಾಕೆ ಹೋದೆ?"

ಬೈಯುವ ದನಿಯಿರಲಿಲ್ಲ ಅದು. ಅಡುಗೆಗೆ ಏನು ಮಾಡಿದೆ ಎಂದು ಕೇಳುವ ಹಾಗೆ ಕೇಳಿದಳು. ಉಮಾ ಚಾಪೆಯ ಅಂಚನ್ನು ಬಿಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು.

"ಮನೆಗೆ ಬೆಂಕಿ ಬಿದ್ದಿದೆ ಅಂತ ಕೇಳಿಸ್ತಾ ಇತ್ತು. ಒಂದು ಗಂಡಸಿನ ದನಿ. ಅಟ್ಟ ಹತ್ಕೊಂಡಿದೆ, ಮಗು ಸುಟ್ಟು ಹೋಗತ್ತೆ ಅಂತ. ನಂಗೆ ಹೊಗೆ ವಾಸನೆನೂ ಬರ್ತಿತ್ತು. ಎಲ್ಲರನ್ನೂ ಕರೆದೆ ಅಂತ ಅನ್ಕೊಂಡಿದೀನಿ, ಕರೆದ್ನೋ ಇಲ್ವೋ ಗೊತ್ತಿಲ್ಲ. ಮಗೂನ ಎತ್ಕೊಂಡು ಓಡಿದೆ. ನೀರಿರೋ ಕಡೆಗೆ ಬೆಂಕಿ ಬರಲ್ಲ ಅಂತ ಹೊಳೇಲಿ ನಿಂತ್ಕೊಂಡೆ. ತುಂಗಿ ಕಾಲಿಗೂ ನೀರು ತಾಗದ ಹಾಗೆ ಎತ್ತಿ ಹಿಡ್ಕೊಂಡಿದ್ದೆ."

"ಆಮೇಲೆ ಯಾರೂ ಕೇಳಲಿಲ್ಲ," ಎಂದಳು. "ಎಲ್ಲರೂ ಮಗೂನ ಕೊಲ್ಲೋಕೆ ಹೋದೆ ಅಂತಾರೆ. ನಂಗೂ ಹಾಗೇ ಇರಬೇಕು ಅನ್ನಿಸಿಬಿಟ್ಟಿತ್ತು. ಈಗ ನೆನಪು ಸರಿಯಾಗಿದೆ. ನಾನು ಅವಳನ್ನ ಉಳಿಸೋಕೆ ಹೋಗಿದ್ದೆ."

ಶಿವಯೋಗಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದಡದಲ್ಲಿ ಅವಳನ್ನು ಮೊದಲು ಕಂಡವರು ಹೇಳಿದ ಮಾತು ಅವನಿಗೆ ನೆನಪಾಯಿತು. ತಾಯಿಯ ಸೀರೆ ತೊಯ್ದಿತ್ತು, ಮಗುವಿನ ಮೈ ಒಂದಿಷ್ಟೂ ನೆನೆದಿರಲಿಲ್ಲ ಎಂದಿದ್ದರು. ಅದರ ಅರ್ಥವೇನೆಂದು ಅವನು ಯೋಚಿಸಿರಲೇ ಇಲ್ಲ.

ಎಲ್ಲರೂ ಕಲ್ಲಮ್ಮನನ್ನು ನೋಡಿದರು.

"ನಂಗೊಬ್ಬಳು ಅಕ್ಕ ಇದ್ಲು," ಎಂದರು. "ಸಣ್ಣಮ್ಮ ಅಂತ."

ಶಿವಯೋಗಪ್ಪ ತಲೆಯೆತ್ತಿ ತಾಯಿಯನ್ನು ನೋಡಿದ. ಅವನಿಗೆ ದೊಡ್ಡಮ್ಮನೊಬ್ಬಳಿದ್ದಳೆಂಬುದೇ ಗೊತ್ತಿರಲಿಲ್ಲ.

"ಹೊನ್ನಾಳಿ ಕಡೆ ನಮ್ಮೂರು. ಅವಳೂ ಹೀಗೇ, ಒಬ್ಬೊಬ್ಬಳೇ ಮಾತಾಡೋಳು, ನಿದ್ದೆ ಮಾಡ್ತಿರಲಿಲ್ಲ. ಅಪ್ಪ ಕೋಣೇಲಿ ಕೂಡಿ ಹಾಕಿದ್ರು. ಒಂದಿನ ಸರಿಯಾಗಿದಾಳೆ ಅಂತ ಹೊರಗೆ ಬಿಟ್ರು. ನೀರು ತರ್ತೀನಿ ಅಂತ ಬಾವಿಗೆ ಹೋದೋಳು ಬರಲಿಲ್ಲ. ನಾನಿನ್ನೂ ಚಿಕ್ಕೋಳು, ಅವಳನ್ನ ಮೇಲೆತ್ತಿದ್ದನ್ನ ನೋಡಿದೆ. ಕಾಲು ಜಾರಿ ಬಿದ್ಲು ಅಂತ ಹೇಳಬೇಕು ಅಂದ್ರು ಮನೇಲಿ. ಆಮೇಲೆ ಅವಳ ಹೆಸರೂ ಎತ್ತಬೇಡಿ ಅಂದ್ರು." ಕಲ್ಲಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ನಂಗೆ ಇವಳ ಮೇಲೆ ಸಿಟ್ಟಿಲ್ಲ ಡಾಕ್ಟ್ರೇ. ಇವಳು ಸರಿಯಾಗಿದಾಳೆ ಅಂತ ಎಲ್ಲರೂ ಅಂದಷ್ಟೂ ನಂಗೆ ಭಯ ಆಗತ್ತೆ. ಇವಳು ಹಿತ್ತಿಲಿಗೆ ಹೋದ್ರೂ ಎದೆ ಡವಡವ ಅನ್ನತ್ತೆ. ಮಗೂಗೋಸ್ಕರ ಅಷ್ಟೇ ಅಲ್ಲ. ಇವಳಿಗೋಸ್ಕರನೂ."

ಅತ್ತೆ ತನಗಾಗಿ ಹೆದರುತ್ತಾರೆ ಎಂಬುದನ್ನು ಉಮಾ ಕನಸಿನಲ್ಲೂ ಎಣಿಸಿರಲಿಲ್ಲ. ಎದ್ದು ಹೋಗಿ ಅವರ ಹತ್ತಿರ ಕೂತಳು. ಮುಟ್ಟಬಹುದೋ ಬಾರದೋ ತಿಳಿಯದೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಕಲ್ಲಮ್ಮನೇ ಆ ಕೈಯನ್ನು ಎಳೆದು ಹಿಡಿದುಕೊಂಡರು.

ಹಾಲಸ್ವಾಮಿ ಆಮೇಲೆ ಮಾತಾಡಿದರು. ಸಣ್ಣಮ್ಮನ ಕಾಲದಲ್ಲಿ ಈ ಮಾತ್ರೆಗಳಿರಲಿಲ್ಲ ಎಂದರು. ಕಾಯಿಲೆ ಇನ್ನೆಂದೂ ಮರಳುವುದಿಲ್ಲ ಎಂದು ತಾನು ಮಾತು ಕೊಡಲಾರೆ, ಆದರೆ ಅದು ಹೇಳದೆ ಕೇಳದೆ ಬರುವುದಿಲ್ಲ ಎಂದರು. "ಮೊದಲು ನಿದ್ದೆ ಕೆಡತ್ತೆ. ಅದನ್ನ ನೋಡ್ಕೊಳ್ಳಿ. ಯಾರು ನೋಡ್ಕೋತೀರಿ?"

"ನಾನೇ ಹೇಳ್ತೀನಿ," ಎಂದಳು ಉಮಾ. "ನಿದ್ದೆ ಬರದಿದ್ರೆ, ಆ ದನಿ ಕೇಳಿಸಿದ್ರೆ, ಮೊದಲು ಅತ್ತೆಗೇ ಹೇಳ್ತೀನಿ."

"ಹೇಳ್ತೀಯಾ?" ಎಂದರು ಕಲ್ಲಮ್ಮ.

"ಹೇಳ್ತೀನಿ ಅತ್ತೆ. ನೀವು ಹೆದರಬಾರದು ಅಷ್ಟೆ."

"ಹೆದರ್ತೀನಿ. ಹೆದರಿದ್ರೂ ನೀನು ಹೇಳು."

ವಾಪಸ್ಸು ಬರುವಾಗ ರೈಲಿನಲ್ಲಿ ಕಲ್ಲಮ್ಮ ಸೊಸೆಯ ಪಕ್ಕದಲ್ಲಿ ಕೂತರು. ಸಣ್ಣಮ್ಮ ಹೇಗಿದ್ದಳು ಎಂದು ಉಮಾ ಕೇಳಿದಳು. ಕಲ್ಲಮ್ಮ ಹೇಳುತ್ತಾ ಹೋದರು. ಅವಳ ಜಡೆ ಎಷ್ಟುದ್ದವಿತ್ತು, ಬುಗುರಿ ಆಡುವುದರಲ್ಲಿ ಹುಡುಗರನ್ನೂ ಸೋಲಿಸುತ್ತಿದ್ದಳು, ಹುಣಸೆಹಣ್ಣು ಕದ್ದು ತಂದು ತಂಗಿಗೆ ಕೊಡುತ್ತಿದ್ದಳು. ಎದುರು ಕೂತಿದ್ದ ಶಿವಯೋಗಪ್ಪ ತಾನು ಕಾಣದ ದೊಡ್ಡಮ್ಮನ ವಿಷಯವನ್ನು ಶಿವಮೊಗ್ಗ ಬರುವವರೆಗೂ ಕೇಳಿದ.

ಮರುದಿನವೇ ಎಲ್ಲ ಬದಲಾಗಲಿಲ್ಲ. ಕಲ್ಲಮ್ಮ ಮಗುವಿನ ಊಟದ ಬಟ್ಟಲನ್ನು ಉಮಾಳ ಕೈಗೆ ಕೊಟ್ಟು ಎದುರೇ ಕೂತಿರುತ್ತಿದ್ದರು. ತುಂಗಿ ಮೊದಮೊದಲು ಬಾಯಿ ತೆರೆಯುತ್ತಿರಲಿಲ್ಲ. ಉಮಾ ತುತ್ತನ್ನು ಮೂಗಿನ ಹತ್ತಿರ ಒಯ್ದು, ಸೀನಿದಂತೆ ಮಾಡಿ ಹಿಂದಕ್ಕೆ ಎಳೆಯುತ್ತಿದ್ದಳು. ಮಗು ನಗಲು ಬಾಯಿ ತೆರೆದಾಗ ತುತ್ತು ಒಳಗೆ ಹೋಗುತ್ತಿತ್ತು. ಈ ಆಟ ತುಂಗಿಗೆ ಎಷ್ಟು ಹಿಡಿಸಿತೆಂದರೆ, ಅಜ್ಜಿ ಉಣ್ಣಿಸಲು ಬಂದರೆ, "ಅಕ್ಷಿ ಮಾಡು" ಎಂದು ಹಟ ಮಾಡತೊಡಗಿತು. ಕಲ್ಲಮ್ಮನಿಗೆ ಅದು ಬರುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಲ್ಲಮ್ಮ ಒಲೆಯ ಮುಂದೆ ಕೂತಿದ್ದವರು, ಹಿಂತಿರುಗಿ ನೋಡದೆ, "ಉಮಾ, ಮಗೂಗೆ ನೀರು ಹಾಕು. ನನ್ನ ಸೊಂಟ ಹಿಡ್ಕೊಂಡಿದೆ," ಎಂದರು.

ಉಮಾ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಹಂಡೆಯ ನೀರನ್ನು ಹದ ಮಾಡಿ, ಮಣೆಯ ಮೇಲೆ ಕೂತು, ತುಂಗಿಯನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಾಗಿಲ ಹೊರಗೆ ಅತ್ತೆಯ ಬಳೆಗಳ ಸದ್ದು ಕೇಳಿಸಿತು. ಸೊಂಟ ಹಿಡಿದವರು ಎದ್ದು ಬಂದು ನಿಂತಿದ್ದರು. ಉಮಾಳಿಗೆ ಬೇಸರವಾಗಲಿಲ್ಲ. ಮಗುವಿನ ತಲೆಗೆ ಸೀಗೆಪುಡಿ ಹಚ್ಚುತ್ತಾ, ಕಣ್ಣು ಮುಚ್ಚು ಕಣ್ಣು ಮುಚ್ಚು ಎಂದು ಹೇಳುತ್ತಿದ್ದಳು. ಮೊದಲ ತಂಬಿಗೆ ನೀರು ಸುರಿದಾಗ ತುಂಗಿ ಕಿರುಚಿತು. ಹೊರಗೆ ಬಳೆ ಗಲ್ಲೆಂದಿತು. ಆದರೆ ಬಾಗಿಲು ತೆರೆಯಲಿಲ್ಲ. ಎರಡನೆಯ ತಂಬಿಗೆಗೆ ಮಗು ಕೈಬಡಿದು ನೀರೆರಚಿ ನಕ್ಕಿತು. ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಆಮೇಲೆ ಹೆಜ್ಜೆಯ ಸದ್ದು ಅಡುಗೆಮನೆಯ ಕಡೆ ಹೋಯಿತು. ಒಗ್ಗರಣೆ ಚಟಪಟ ಎಂದ ಸದ್ದು ಕೇಳಿಸಿದಾಗ ಉಮಾಳ ಕಣ್ಣಲ್ಲಿ ನೀರು ಬಂತು. ಬಚ್ಚಲಿನ ಹೊಗೆಗೆ ಇರಬೇಕೆಂದು ತಾನೇ ಅಂದುಕೊಂಡು, ಮುಖಕ್ಕೂ ಒಂದು ತಂಬಿಗೆ ನೀರು ಹಾಕಿಕೊಂಡಳು.

ಆ ತಿಂಗಳಲ್ಲೇ ಶಿವಯೋಗಪ್ಪ ಅಂಗಡಿಯಲ್ಲಿ ಸುಳ್ಳು ಬಿಟ್ಟ. ಖಾಯಂ ಗಿರಾಕಿಯೊಬ್ಬ ಕಾಮಾಲೆ ಹೇಗಿದೆ ಎಂದು ಕೇಳಿದಾಗ, "ಕಾಮಾಲೆ ಅಲ್ಲ ಸ್ವಾಮಿ. ಮನಸ್ಸಿನ ಕಾಯಿಲೆ ಇತ್ತು. ಬೆಂಗಳೂರಲ್ಲಿ ಔಷಧ ಆಯ್ತು, ಈಗ ಆರಾಮಾಗಿದಾರೆ," ಎಂದ. ಗಿರಾಕಿ ಕೈಯಲ್ಲಿದ್ದ ಕೊಡದ ತಳ ತಟ್ಟಿ ನೋಡುತ್ತಾ, "ಹಾಗೋ" ಎಂದ. ಕೊಡ ಕೊಂಡು ಹೋದ. ಬೀದಿಯಲ್ಲಿ ಮಾತು ಹರಡದೆ ಇರಲಿಲ್ಲ. ಜಗದಾಂಬಾಳನ್ನು ನೋಡಲು ಬರಬೇಕಿದ್ದ ಒಂದು ಮನೆಯವರು ಬರಲಿಲ್ಲ. ಶಿವಯೋಗಪ್ಪ ಮಂಕಾಗಿ ಕೂತಾಗ ಜಗದಾಂಬಾಳೇ, "ಬಿಡು ಅಣ್ಣ. ಮುಚ್ಚಿಟ್ಟು ಮದುವೆ ಮಾಡಿದ್ರೆ ನಾನು ಅಲ್ಲಿ ಜನ್ಮವೆಲ್ಲ ಅತ್ತಿಗೇನ ಮುಚ್ಚಿಡ್ತಾ ಇರಬೇಕಿತ್ತು," ಎಂದಳು. ಮುಂದಿನ ವರ್ಷ ದಾವಣಗೆರೆಯ ಸಂಬಂಧ ಬಂತು. ಅವರಿಗೆ ಎಲ್ಲವನ್ನೂ ಮೊದಲೇ ಹೇಳಿದರು. ಹುಡುಗನ ತಾಯಿ ಉಮಾಳ ಕೈಯ ಕಾಫಿ ಕುಡಿದು, ಪುಡಿ ಎಲ್ಲಿಯದು ಎಂದಷ್ಟೇ ಕೇಳಿದರು.

ಅಷ್ಟರಲ್ಲಿ ಭದ್ರಾವತಿಯ ಪಡಸಾಲೆಗೆ ಶಿವಮೊಗ್ಗದಿಂದ ಬರುವವರು ಹೆಚ್ಚಾಗಿದ್ದರು. ತಿಂಗಳಿಗೊಂದು ಭಾನುವಾರವಾದರೂ ಶಿವಮೊಗ್ಗದಲ್ಲೇ ಸೇರಿದರೆ ಹೇಗೆ ಎಂದು ಡಾಕ್ಟರು ಯೋಚಿಸುತ್ತಿದ್ದರು, ಜಾಗವಿರಲಿಲ್ಲ. "ನಮ್ಮ ಹಜಾರ ಇದೆಯಲ್ಲ," ಎಂದರು ಕಲ್ಲಮ್ಮ. "ಮುಂದಿನ ಬಾಗಿಲಿಂದಲೇ ಬನ್ನಿ. ಹಿತ್ತಿಲಲ್ಲಿ ಕೆಸರು."

ಮೊದಲ ಸಲ ಎಲ್ಲರೂ ಬಂದಾಗ ಬೀದಿಯ ಜನ ಜಗಲಿಗೆ ಬಂದು ನೋಡಿದರು. ಹುಚ್ಚಮ್ಮ ಜಟಕಾದಿಂದ ಇಳಿದು, ನೋಡುತ್ತಿದ್ದವರಿಗೆಲ್ಲ ಕೈಮುಗಿದು, "ಊಟ ಆಯ್ತಾ?" ಎಂದು ಕೇಳುತ್ತಾ ಒಳಗೆ ಬಂದಳು. ಉಮಾ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಪಕ್ಕದ ಮನೆಯ ಶಕುಂತಲಮ್ಮ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಖಾಲಿ ಲೋಟವಿತ್ತು.

"ಸ್ವಲ್ಪ ಸಕ್ಕರೆ ಬೇಕಿತ್ತು ಉಮಾ."

ಉಮಾ ಸಕ್ಕರೆ ತುಂಬಿಕೊಟ್ಟಳು. ಶಕುಂತಲಮ್ಮ ಹೋಗಲಿಲ್ಲ. ಹಜಾರದ ಕಡೆ ನೋಡಿ, ದನಿ ತಗ್ಗಿಸಿ, "ನಮ್ಮ ಮೈದುನ ಎಲ್ಲೋ ಮುಂಬಯಿಗೆ ಹೋದ ಅಂತ ಹೇಳ್ತಿದ್ವಲ್ಲ..." ಎಂದರು. ಮುಂದೆ ಹೇಳಲಾಗದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ಎಲ್ಲೂ ಹೋಗಿಲ್ಲ ಅವನು. ಮಹಡಿ ಮೇಲೆ ಇದಾನೆ."

ಉಮಾ ಅವರ ಕೈಯಿಂದ ಲೋಟವನ್ನು ತೆಗೆದು ಕಟ್ಟೆಯ ಮೇಲಿಟ್ಟಳು.

"ಒಳಗೆ ಬನ್ನಿ ಅಕ್ಕ. ಇವತ್ತು ನೀವು ಸುಮ್ಮನೆ ಕೂತ್ಕೊಳ್ಳಿ, ಮಾತಾಡದಿದ್ರೂ ಪರವಾಗಿಲ್ಲ. ಮುಂದಿನ ಸಲ ಅವರನ್ನೂ ಕರ್ಕೊಂಡು ಬರೋಣ."

ಇಬ್ಬರೂ ಹಜಾರಕ್ಕೆ ಬಂದಾಗ ಭೈರಪ್ಪ ಏನೋ ಹೇಳುತ್ತಿದ್ದ. ತುಂಗಿ ಡಾಕ್ಟರ ಕನ್ನಡಕ ಹಾಕಿಕೊಂಡು ಎಲ್ಲರ ನಡುವೆ ಓಡಾಡುತ್ತಿತ್ತು. ಕಲ್ಲಮ್ಮ ಶಕುಂತಲಮ್ಮನನ್ನು ನೋಡಿದರು. ಏನೂ ಕೇಳದೆ, ಚಾಪೆಯ ಮೇಲೆ ತಮ್ಮ ಪಕ್ಕಕ್ಕೆ ಜಾಗ ಮಾಡಿಕೊಟ್ಟರು.